ಎಡವಿದವನೂ ನಗುವವರೂ

'ನಗುವವರ ಮುಂದೆ ಎಡವಿ ಬಿದ್ದಂತೆ' ಎಂಬ ಗಾದೆಯನ್ನು ನಾವು ಎಡವಿದವನ ದುರದೃಷ್ಟವನ್ನು ಹೇಳಲು ಬಳಸುತ್ತೇವೆ. ಅವನು ಏಕೆ ಎಡವಿದ, ನೋಡಿಕೊಂಡು ನಡೆಯಬಾರದಿತ್ತೇ ಎಂಬ ವಿಚಾರಣೆಯೂ ಒಡನೆಯೇ ಆರಂಭವಾಗುತ್ತದೆ. ಗಾದೆಯಲ್ಲಿರುವ ಮತ್ತೊಂದು ಪಕ್ಷವನ್ನು, ಅಂದರೆ ನಗುವವರನ್ನು, ವಿಚಾರಣೆಗೆ ಕರೆದವರು ವಿರಳ. ಮಳೆ ಸುರಿಯುವಂತೆ, ಗಾಳಿ ಬೀಸುವಂತೆ ಅವರು ನಗುತ್ತಾರೆ ಎಂದು ಒಪ್ಪಿಕೊಂಡು ಬಿಡುತ್ತೇವೆ. ಈ ಲೇಖನದ ಉದ್ದೇಶ ಆ ನಗುವವರನ್ನು ಕಟಕಟೆಗೆ ತರುವುದು. ಅವರಲ್ಲಿ ಈ ಲೇಖಕನೂ ಒಬ್ಬನೆಂಬುದನ್ನು ಮೊದಲಿಗೇ ಒಪ್ಪಿಕೊಳ್ಳುತ್ತೇನೆ.

ಪ್ರಸಂಗ ಹೀಗಿದೆ. ಹಬ್ಬದ ನಿಮಿತ್ತ ತಂಗಿಯ ಮನೆಯಲ್ಲಿ ಬಂಧುಗಳೆಲ್ಲ ಸೇರಿದ್ದೆವು. ಊಟದ ನಂತರ ಹುಡುಗರು ಟಿ.ವಿ. ಪರದೆಯ ಮೇಲೆ ಒಂದು ಅಮೆರಿಕದ ಸಾಕ್ಷ್ಯಚಿತ್ರವನ್ನು ಹಾಕಿದರು. 'ಅಮೆರಿಕನ್ ಮೂವಿ' ಎಂಬುದು ಅದರ ಹೆಸರು. ಕ್ರಿಸ್ ಸ್ಮಿತ್ ಅದರ ನಿರ್ದೇಶಕರು, ಸ್ಯಾರಾ ಪ್ರೈಸ್ ನಿರ್ಮಾಪಕಿ. 1999ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಸಾಕ್ಷ್ಯಚಿತ್ರ ವಿಭಾಗದ ಶ್ರೇಷ್ಠ ಬಹುಮಾನವನ್ನು ಪಡೆದ ಕೃತಿ. 'ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತದೆ' ಎಂಬ ಪೀಠಿಕೆಯೊಡನೆಯೇ ಅದು ನಮ್ಮ ಮುಂದೆ ತೆರೆಯಿತು. ನಾವು ನಕ್ಕೆವು. ಒಬ್ಬನು ಮಾತ್ರ ನಗಲಿಲ್ಲ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಚಿತ್ರದ ನಾಯಕ ಮಾರ್ಕ್ ಬೋರ್ಚಾರ್ಟ್ ಕಲ್ಪಿತ ಪಾತ್ರವಲ್ಲ. ನಮ್ಮ ನಿಮ್ಮಂತೆ ಉಸಿರಾಡುವ ಮನುಷ್ಯ. ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದ ಹೊರವಲಯದಲ್ಲಿರುವ ಮೆನಾಮನಿ ಫಾಲ್ಸ್ ಅವನ ಊರು. ಚಿತ್ರೀಕರಣದ ಕಾಲಕ್ಕೆ ಅವನಿಗೆ ಸುಮಾರು ಮೂವತ್ತು ವರ್ಷ. ಮೂರು ಮಕ್ಕಳ ತಂದೆ. ಪತ್ರಿಕೆ ಹಂಚುತ್ತಾನೆ; ಸ್ಮಶಾನವೊಂದರಲ್ಲಿ ಗುಡಿಸಿ ತೊಳೆಯುವ ಕೆಲಸ ಮಾಡುತ್ತಾನೆ. ತಲೆಯ ಮೇಲೆ ಸಾಲ. ಹದಿಹರೆಯದಿಂದಲೇ ಕೈಗೆ ಸಿಕ್ಕ ಸಣ್ಣ ಕ್ಯಾಮೆರಾದಲ್ಲಿ ಭಯಾನಕ ಕಥೆಗಳನ್ನು ಚಿತ್ರಿಸುತ್ತ ಬಂದವನಿಗೆ 'ನಾರ್ತ್‌ವೆಸ್ಟರ್ನ್' ಎಂಬ ಪೂರ್ಣಪ್ರಮಾಣದ ಚಿತ್ರವನ್ನು ಮಾಡಬೇಕೆಂಬ ಆಸೆ. ಅದಕ್ಕೆ ಹಣವಿಲ್ಲ. ಆದುದರಿಂದ ಅರ್ಧಕ್ಕೆ ನಿಂತಿದ್ದ 'ಕೋವೆನ್' ಎಂಬ ಕಿರುಚಿತ್ರವನ್ನು ಮೊದಲು ಮುಗಿಸುವುದು, ಅದರ ಮೂರು ಸಾವಿರ ವಿಡಿಯೋ ಕ್ಯಾಸೆಟ್‌ಗಳನ್ನು ಮಾರುವುದು, ಆ ಹಣದಲ್ಲಿ ದೊಡ್ಡ ಚಿತ್ರಕ್ಕೆ ಕೈಹಾಕುವುದು ಅವನ ಯೋಜನೆ. 1995ರಿಂದ 1997ರವರೆಗೆ ಈ ಯೋಜನೆ ತೆವಳಿದ ಬಗೆಯನ್ನೇ ಸಾಕ್ಷ್ಯಚಿತ್ರ ತೋರಿಸುತ್ತದೆ.

ನಾವು ನಕ್ಕ ಸಂದರ್ಭಗಳನ್ನು ಒಂದೊಂದಾಗಿ ನೆನೆಯುತ್ತೇನೆ. ಸಾಲಗಾರರ ಪತ್ರಗಳ ರಾಶಿಯನ್ನು ಬಿಡಿಸುತ್ತಿರುವಾಗ ಹೊಸ ಕ್ರೆಡಿಟ್ ಕಾರ್ಡೊಂದು ಮಂಜೂರಾದ ಸುದ್ದಿ ಸಿಕ್ಕು ಮಾರ್ಕ್ ಹಿಗ್ಗುತ್ತಾನೆ, ನಕ್ಕೆವು. ನಟನೊಬ್ಬನ ತಲೆ ಅಡುಗೆಮನೆಯ ಕಪಾಟಿನ ಬಾಗಿಲನ್ನು ಒಡೆದುಕೊಂಡು ಹೋಗಬೇಕು. ಬಾಗಿಲು ಒಡೆಯುವುದಿಲ್ಲ, ತಲೆಗೆ ಮಾತ್ರ ಪೆಟ್ಟು ಬೀಳುತ್ತದೆ, ಮತ್ತೊಮ್ಮೆ ಪ್ರಯತ್ನ, ಮತ್ತೂ ಒಮ್ಮೆ. ಬಿದ್ದು ಬಿದ್ದು ನಕ್ಕೆವು. ನಟವರ್ಗ ಸಾಲದೆ ತಾಯಿಯೇ ಕಪ್ಪು ನಿಲುವಂಗಿ ತೊಟ್ಟು ನಿಲ್ಲುತ್ತಾಳೆ, ನಕ್ಕೆವು. ವೃದ್ಧ ಬಂಧುವೊಬ್ಬರಿಂದ ಒಂದೇ ಒಂದು ಸಾಲಿನ ಮಾತನ್ನು ಧ್ವನಿಮುದ್ರಿಸಲು ಮಾರ್ಕ್ ಹತ್ತಾರು ಬಾರಿ ಹೇಳಿಸುತ್ತಾನೆ, ಆ ವೃದ್ಧರ ನಾಲಗೆ ಪ್ರತಿ ಬಾರಿಯೂ ತೊಡರುತ್ತದೆ. ಕಣ್ಣಲ್ಲಿ ನೀರು ಬರುವಂತೆ ನಕ್ಕೆವು.

ಈಗ ಪ್ರಾಜ್ಞ ವಾಚಕರನ್ನು ಕೇಳುತ್ತೇನೆ: ಇವುಗಳಲ್ಲಿ ಹಾಸ್ಯಾಸ್ಪದವಾದದ್ದು ಯಾವುದು? ಸಾಮರ್ಥ್ಯ ಮೀರಿದ ಆಸೆಯೇ? ಹಾಗಾದರೆ ಮತ್ತೊಂದು ಸಾಕ್ಷ್ಯಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. 1991ರಲ್ಲಿ ಬಂದ 'ಹಾರ್ಟ್ಸ್ ಆಫ್ ಡಾರ್ಕ್‌ನೆಸ್' ಎಂಬುದು ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಅವರು 'ಅಪೊಕ್ಯಾಲಿಪ್ಸ್ ನೌ' ಚಿತ್ರವನ್ನು ತಯಾರಿಸಿದ ಕಥನ. ಅವರು ಸ್ವಂತ ಆಸ್ತಿಯನ್ನು ಒತ್ತೆಯಿಟ್ಟರು. ಫಿಲಿಪೀನ್ಸ್‌ನಲ್ಲಿ 1976ರಲ್ಲಿ ಆರಂಭವಾದ ಚಿತ್ರೀಕರಣ ಲೆಕ್ಕ ಮೀರಿ ಬೆಳೆದು 1977ರವರೆಗೂ ಸಾಗಿತು. ಚಂಡಮಾರುತಕ್ಕೆ ಸೆಟ್ಟುಗಳು ಕೊಚ್ಚಿಹೋದವು. ಮುಖ್ಯ ನಟ ಮಾರ್ಟಿನ್ ಶೀನ್ ಹೃದಯಾಘಾತಕ್ಕೆ ಒಳಗಾದರು. ಚಿತ್ರಕ್ಕೆ ಕೊನೆ ಹೇಗೆ ಕೊಡಬೇಕೆಂಬುದು ನಿರ್ದೇಶಕರಿಗೇ ತಿಳಿಯದೆ ಒದ್ದಾಡಿದರು. ಮಾರ್ಕ್‌ನ ಮರುಳು ಇದಕ್ಕಿಂತ ಹೆಚ್ಚಿನದೇ? ಅವನಿಂದ ಆದ ಕೇಡು ಇದಕ್ಕಿಂತ ದೊಡ್ಡದೇ? ಆದರೆ ಕೊಪೊಲಾ ಅವರ ಕಥನವನ್ನು ನೋಡುವಾಗ ನಾವು ಉಸಿರು ಬಿಗಿಹಿಡಿದು ಕೂರುತ್ತೇವೆ. 'ಸೃಷ್ಟಿಯ ಪ್ರಸವವೇದನೆ' ಎಂಬಂಥ ಮಾತುಗಳು ನಮ್ಮ ಬಾಯಿಂದ ಬರುತ್ತವೆ. ಅಲ್ಲಿ ಮುರಿದದ್ದು ಲಕ್ಷಾಂತರ ಡಾಲರುಗಳ ಸೆಟ್ಟು; ಇಲ್ಲಿ ಮುರಿಯದೇ ಉಳಿದದ್ದು ಅಡುಗೆಮನೆಯ ಕಪಾಟಿನ ಬಾಗಿಲು. ಅಲ್ಲಿನದು ದುರಂತ, ಇಲ್ಲಿನದು ಪ್ರಹಸನ!

'ಅಪೊಕ್ಯಾಲಿಪ್ಸ್ ನೌ' 1979ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಹಂಚಿಕೊಂಡಿತು, ಆದುದರಿಂದ ಗೌರವ ಸಲ್ಲಬೇಕಾದದ್ದೇ ಎಂದು ಕೆಲವರು ವಾದಿಸಬಹುದು. ಈ ವಾದ ನನ್ನ ಮಾತನ್ನೇ ಪುಷ್ಟೀಕರಿಸುತ್ತದೆ. ಹಟದ ಗುಣವನ್ನು ನಾವು ಹಟದಿಂದ ಅಳೆಯುವುದಿಲ್ಲ. ಆಮೇಲೆ ಬಂದ ಫಲದಿಂದ ಅಳೆಯುತ್ತೇವೆ. ಗೆದ್ದವನ ಹುಚ್ಚು ತಪಸ್ಸೆನಿಸುತ್ತದೆ, ಸೋತವನ ತಪಸ್ಸು ಹುಚ್ಚೆನಿಸುತ್ತದೆ. ಕೆಲಸ ನಡೆಯುತ್ತಿರುವ ದಿನಗಳಲ್ಲಿ ಇಬ್ಬರಿಗೂ ಫಲ ಗೊತ್ತಿರಲಿಲ್ಲ ಎಂಬ ಸರಳ ಸತ್ಯವನ್ನು ಮರೆಯುತ್ತೇವೆ. ನಾವು ನಕ್ಕದ್ದು ಮಾರ್ಕ್‌ನ ಆಸೆಗಲ್ಲ, ಅವನ ಬಡತನಕ್ಕೆ. ಅವನ ಹರಿದ ಕೋಟಿಗೆ, ಹಲ್ಲು ಕಾಣುವ ನಗುವಿಗೆ, ತಪ್ಪು ಜಾಗದಲ್ಲಿ ದೊಡ್ಡ ಮಾತುಗಳನ್ನಾಡುವ ಅವನ ನಾಲಗೆಗೆ.

ಇಲ್ಲಿ ಕೆಲವು ಆಕ್ಷೇಪಗಳನ್ನು ಎದುರಿಸಬೇಕು. ಮಾರ್ಕ್ ತಾನೇ ಒಪ್ಪಿ ಕ್ಯಾಮೆರಾದ ಮುಂದೆ ನಿಂತನಲ್ಲವೇ, ಒಪ್ಪಿದವನನ್ನು ನೋಡಿ ನಕ್ಕರೆ ದೋಷವೇನು ಎಂಬುದು ಮೊದಲನೆಯದು. ಅವನು ನೋಡಿಸಿಕೊಳ್ಳಲು ಒಪ್ಪಿದನೇ ಹೊರತು ಹೀಯಾಳಿಸಿಕೊಳ್ಳಲು ಒಪ್ಪಲಿಲ್ಲ. ಮನೆಗೆ ಬಾ ಎಂದು ಕರೆದವನ ಮನೆಯ ಬಿರುಕುಗೋಡೆಯನ್ನು ಎಣಿಸಿ ಬೀದಿಯಲ್ಲಿ ಹೇಳುವವನು, 'ಅವನೇ ಕರೆದಿದ್ದ' ಎಂದು ಸಮರ್ಥಿಸಿಕೊಂಡರೆ ನಾವು ಒಪ್ಪುವೆವೇ?

ಆ ನಗೆ ಪ್ರೀತಿಯ ನಗೆ, ತಿರಸ್ಕಾರದ್ದಲ್ಲ ಎಂಬುದು ಎರಡನೆಯ ಆಕ್ಷೇಪ. ಇದನ್ನು ಪೂರ್ತಿಯಾಗಿ ತಳ್ಳಿಹಾಕಲಾರೆ. ಮಾರ್ಕ್‌ನ ಗೆಳೆಯ ಮೈಕ್ ಶ್ಯಾಂಕ್ ಪರದೆಯ ಮೇಲೆ ಬಂದಾಗ ಹುಟ್ಟುವ ಮಂದಹಾಸದಲ್ಲಿ ಪ್ರೀತಿ ಇದೆ. ಕುಡಿತ ಮತ್ತು ಮಾದಕ ವಸ್ತುಗಳ ಚಟದಿಂದ ಹೊರಬಂದು ಲಾಟರಿ ಚೀಟಿಯ ಸಣ್ಣ ಆಸೆಯಲ್ಲಿ ದಿನ ಕಳೆಯುವ, ಕರೆದಾಗಲೆಲ್ಲ ಗೆಳೆಯನ ಕೆಲಸಕ್ಕೆ ಬಂದು ನಿಲ್ಲುವ ಈ ಸಾಧು ಮನುಷ್ಯನ ಗಿಟಾರಿನ ನಾದವೇ ಆ ಸಾಕ್ಷ್ಯಚಿತ್ರದ ಹಿನ್ನೆಲೆಯಲ್ಲಿದೆ. ಅವರು 2022ರಲ್ಲಿ ನಿಧನರಾದರು. ಆದರೆ ಪ್ರೀತಿಯ ನಗೆಗೆ ಒಂದು ಪರೀಕ್ಷೆ ಇದೆ: ನಗೆಗೆ ಗುರಿಯಾದವನು ಅದೇ ಕೋಣೆಯಲ್ಲಿ ಕುಳಿತಿದ್ದರೂ ನಾವು ಹಾಗೆಯೇ ನಗುತ್ತಿದ್ದೆವೇ? ನನ್ನ ಮಟ್ಟಿಗೆ ಉತ್ತರ ಇಲ್ಲ ಎಂದೇ.

ಈ ಚಿತ್ರದಿಂದಲೇ ಮಾರ್ಕ್ ಪ್ರಸಿದ್ಧನಾದ, ಅವನಿಗೆ ಉಪಕಾರವೇ ಆಯಿತು ಎಂಬುದು ಮೂರನೆಯ ಆಕ್ಷೇಪ. ಪ್ರಸಿದ್ಧನಾದದ್ದು ನಿಜ. ಆದರೆ ಯಾವ ರೂಪದಲ್ಲಿ? ಚಿತ್ರ ಮಾಡಿದವನೆಂದಲ್ಲ, ಚಿತ್ರ ಮಾಡಲು ಹೋಗಿ ಪಾಡುಪಟ್ಟವನೆಂದು. ಸ್ವತಂತ್ರ ನಿರ್ದೇಶಕನಾಗಬೇಕೆಂದು ಹೊರಟವನು ಬೇರೊಬ್ಬ ಸ್ವತಂತ್ರ ನಿರ್ದೇಶಕನ ಚಿತ್ರದ ವಸ್ತುವಾದ. ಸನ್‌ಡಾನ್ಸ್‌ನ ಬಹುಮಾನ ಬಂದದ್ದು 'ಕೋವೆನ್' ಚಿತ್ರಕ್ಕಲ್ಲ, 'ಕೋವೆನ್' ತಯಾರಿಸಿದ ಪಾಡಿನ ಚಿತ್ರಕ್ಕೆ. ಈ ವ್ಯಂಗ್ಯವನ್ನು ಉಪಕಾರವೆಂದು ಕರೆಯುವವರು ಸ್ವಲ್ಪ ನಿಧಾನಿಸಬೇಕು.

ಕ್ರಿಸ್ ಸ್ಮಿತ್ ಅವರನ್ನು ನಾನು ದೂಷಿಸುತ್ತಿಲ್ಲ. ಎರಡು ವರ್ಷ ಜೊತೆಯಲ್ಲಿದ್ದು, ಮೇಲಿನಿಂದ ಕುಹಕದ ನಿರೂಪಣೆಯ ದನಿಯೊಂದನ್ನೂ ಹೇರದೆ, ಆ ಮನುಷ್ಯನಿಗೆ ತಾನಾಗಿಯೇ ಮಾತನಾಡಲು ಅವರು ಅವಕಾಶ ಕೊಟ್ಟಿದ್ದಾರೆ. ಸ್ಮಶಾನದ ಕೆಲಸದ ದಣಿವು, ಕುಡಿದ ರಾತ್ರಿಯ ದುಃಖ, ಮಕ್ಕಳನ್ನು ಕುರಿತ ಕಾತರ, ಎಲ್ಲವೂ ಚಿತ್ರದಲ್ಲಿವೆ. ನಾವೇ ಅವುಗಳನ್ನು ನಗೆಯ ಎರಡು ಅಲೆಗಳ ನಡುವಿನ ವಿರಾಮವೆಂದು ದಾಟಿಬಿಟ್ಟೆವು. ಕೇಡನ್ನು ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ತಲೆದೂಗುವುದು, ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ನಮ್ಮ ಹಿರಿಯರು, ಹಾಸ್ಯವನ್ನೂ ಮನಸ್ಸನ್ನು ಕಲಕುವ ವಿಕಾರಗಳ ಸಾಲಿನಲ್ಲಿ ಸೇರಿಸಿದ್ದು ಅಕಾರಣವಾಗಿ ಅಲ್ಲವೆಂದು ಅಂದು ನನಗೆ ಅರ್ಥವಾಯಿತು.

ಹಾಗೆಂದು ಮಾರ್ಕ್‌ನನ್ನು ಪೂಜೆಗೆ ಕೂರಿಸುವ ಮತ್ತೊಂದು ಗುಂಪಿನೊಡನೆಯೂ ನನಗೆ ಸಹಮತವಿಲ್ಲ. 'ಕನಸನ್ನು ಬೆನ್ನಟ್ಟು, ಜಗತ್ತು ಏನೆಂದರೂ ಲೆಕ್ಕಿಸಬೇಡ' ಎಂಬ ಉಪದೇಶವನ್ನು ಈ ಚಿತ್ರದಿಂದ ಹಿಂಡುವವರಿದ್ದಾರೆ. ಅವರು ಲೆಕ್ಕದ ಪುಸ್ತಕದ ಒಂದೇ ಪುಟವನ್ನು ಓದಿದವರು. ಮಾರ್ಕ್‌ನ ಕನಸಿಗೆ ಹಣ ತೆತ್ತವರಿದ್ದಾರೆ, ಹೊತ್ತು ತೆತ್ತವರಿದ್ದಾರೆ, ಕೂಲಿಯಿಲ್ಲದೆ ದುಡಿದವರಿದ್ದಾರೆ. ಮೂರು ಮಕ್ಕಳಿದ್ದಾರೆ. ಅವನಲ್ಲಿ ಕುಡಿತವಿದೆ, ಬೇಜವಾಬ್ದಾರಿ ಇದೆ, ಇನ್ನೊಬ್ಬರ ಸಹನೆಯನ್ನು ತನ್ನ ಬಂಡವಾಳವೆಂದು ಭಾವಿಸುವ ದೌರ್ಬಲ್ಯವಿದೆ. ಇವನು ಕಾರ್ಖಾನೆಯ ಕೆಲಸಕ್ಕೇ ತಕ್ಕವನೆಂದು ಅವನ ಸ್ವಂತ ಸಹೋದರನೇ ಕ್ಯಾಮೆರಾದ ಮುಂದೆ ಹೇಳುತ್ತಾನೆ; ಆ ಮಾತು ಕಠೋರವಾದರೂ ವರ್ಷಗಳ ದಣಿವಿನಿಂದ ಬಂದದ್ದು. ಕನಸು ಕಾಣುವವನಿಗೆ ಋಣದಿಂದ ವಿನಾಯಿತಿ ಇಲ್ಲ. ಪರರ ಹಣದಲ್ಲಿ ಕಟ್ಟುವ ಕನಸಿನ ಪ್ರತಿ ಇಟ್ಟಿಗೆಗೂ ಲೆಕ್ಕ ಕೊಡಬೇಕಾದವನು ಅವನೇ.

ಆದರೆ ಆ ಲೆಕ್ಕ ಕೇಳುವ ಅಧಿಕಾರ ಯಾರದು? ಇಲ್ಲಿಯೇ ಚಿತ್ರದ ನಿಜವಾದ ದೊಡ್ಡ ಮನುಷ್ಯ ನಮ್ಮ ಮುಂದೆ ಬರುತ್ತಾರೆ. ಅವರೇ ಆ ನಾಲಗೆ ತೊಡರುವ ವೃದ್ಧ, ಬಿಲ್ ಬೋರ್ಚಾರ್ಟ್. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರಿಗೂ ಆ ಭಾಷೆಯಲ್ಲಿ ಒಂದೇ ಶಬ್ದವಾದುದರಿಂದ ಚಿತ್ರದಲ್ಲಿ ಅವರು ಅಂಕಲ್ ಬಿಲ್ ಎಂದೇ ಪರಿಚಿತರು. ಕೂಡಿಟ್ಟ ಹಣವಿದ್ದರೂ ಟ್ರೇಲರ್ ಎಂದು ಕರೆಯುವ ಪುಟ್ಟ ಮನೆಯಲ್ಲಿ ಏಕಾಂಗಿಯಾಗಿ ವಾಸಿಸುವವರು. ಮಾರ್ಕ್‌ನ ಕನಸಿನಲ್ಲಿ ಅವರಿಗೆ ಎಳ್ಳಷ್ಟೂ ನಂಬಿಕೆ ಇಲ್ಲ. ಅದನ್ನು ಅವನ ಮುಖಕ್ಕೇ ಹೇಳುತ್ತಾರೆ, ಗೊಣಗುತ್ತಾರೆ, ರೇಗುತ್ತಾರೆ. ಆದರೂ 'ಕೋವೆನ್'ಗೆ ಹಣ ಕೊಡುತ್ತಾರೆ. ಹಣ ಕೊಟ್ಟದ್ದು ಸಾಲದೆಂಬಂತೆ, ಮೈಕಿನ ಮುಂದೆ ಕುಳಿತು ತಮಗೆ ಅರ್ಥವಾಗದ ಒಂದು ಸಾಲನ್ನು ಹತ್ತಾರು ಬಾರಿ ಹೇಳುತ್ತಾರೆ. ನಾವು ಕಣ್ಣೀರು ಬರುವಂತೆ ನಕ್ಕದ್ದು ಇದಕ್ಕೆ! ಒಬ್ಬ ಮುದುಕ ತನಗೆ ನಂಬಿಕೆಯಿಲ್ಲದ ಕೆಲಸಕ್ಕೆ ತನ್ನವನೊಬ್ಬನ ಮೇಲಿನ ಅಕ್ಕರೆಯಿಂದ ತನ್ನ ಉಳಿದ ಉಸಿರನ್ನು ಕೊಡುತ್ತಿದ್ದುದಕ್ಕೆ.

ಮತ್ತೊಂದು ದೃಶ್ಯದಲ್ಲಿ ಮಾರ್ಕ್ ಆ ವೃದ್ಧರಿಗೆ ಸ್ನಾನ ಮಾಡಿಸುತ್ತಾನೆ. ಹಣಕ್ಕಾಗಿ ಓಲೈಸುವವನು ಎಂದು ಅವನನ್ನು ಜರೆಯುವವರು ಈ ದೃಶ್ಯವನ್ನು ಎರಡನೆಯ ಬಾರಿ ನೋಡಲಿ. ಅಲ್ಲಿ ಕೊಡುವವನಾರು, ಪಡೆಯುವವನಾರು ಎಂದು ಹೇಳುವುದು ಸುಲಭವಲ್ಲ. ಅಂಕಲ್ ಬಿಲ್ 1997ರಲ್ಲಿ ತೀರಿಕೊಂಡರು. 'ನಾರ್ತ್‌ವೆಸ್ಟರ್ನ್' ಚಿತ್ರವನ್ನು ಪೂರ್ಣಗೊಳಿಸುವುದಕ್ಕೆಂದು ಮಾರ್ಕ್‌ನ ಹೆಸರಿಗೆ 50,000 ಡಾಲರುಗಳನ್ನು ಬಿಟ್ಟುಹೋದರೆಂದು ಚಿತ್ರದ ಕೊನೆಯ ಬರಹ ತಿಳಿಸುತ್ತದೆ. ಬದುಕಿರುವಾಗ ಒಂದು ಮೆಚ್ಚುಗೆಯ ಮಾತನ್ನೂ ಸುಲಭವಾಗಿ ಆಡದಿದ್ದವರು ಕೊಟ್ಟ ಉತ್ತರವದು. ಅಷ್ಟು ಹೊತ್ತಿಗೆ ನಮ್ಮ ಕೋಣೆಯಲ್ಲಿ ನಗೆ ನಿಂತಿತ್ತು.

ಅಂಕಲ್ ಬಿಲ್ ಅವರಿಗೆ ಗೊಣಗುವ ಅಧಿಕಾರವಿತ್ತು. ಏಕೆಂದರೆ ಅವರ ಗಂಟು ಆ ಕೆಲಸದಲ್ಲಿತ್ತು. ತಾಯಿಗೆ ಬೇಸರಪಡುವ ಅಧಿಕಾರವಿತ್ತು. ನಿಲುವಂಗಿ ತೊಟ್ಟು ಚಳಿಯಲ್ಲಿ ನಿಂತವಳು ಅವಳು. ತಲೆಗೆ ಪೆಟ್ಟು ತಿಂದ ಆ ನಟನಿಗೂ ನಗುವ ಅಧಿಕಾರವಿತ್ತು. ಸೋಫಾದ ಮೇಲೆ ಒರಗಿ, ಕೈಯಲ್ಲಿ ಚಕ್ಕುಲಿ ಹಿಡಿದು ಕುಳಿತ ನಮಗೆ ಯಾವ ಅಧಿಕಾರವಿತ್ತು? ನಾವು ಏನನ್ನು ಪಣಕ್ಕಿಟ್ಟಿದ್ದೆವು? ಒಂದು ಕೃತಿಯನ್ನು ಕೆಟ್ಟದ್ದೆಂದು ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಕೃತಿಯನ್ನು ಅಳೆಯುವುದು ಬೇರೆ, ಕೃತಿಗಾಗಿ ಹೆಣಗುವವನ ಹರಕನ್ನು ಕಂಡು ನಗುವುದು ಬೇರೆ. ಅಂದು ನಮ್ಮಲ್ಲಿ ಯಾರೂ 'ಕೋವೆನ್' ಚಿತ್ರವನ್ನು ನೋಡಿರಲಿಲ್ಲ, ನೋಡುವ ಇಚ್ಛೆಯನ್ನೂ ವ್ಯಕ್ತಪಡಿಸಲಿಲ್ಲ. ನೋಡದ ಕೃತಿಯ ಕರ್ತೃವನ್ನು ಕುರಿತು ನಕ್ಕೆವು.

ಈಗ ನಗದೇ ಉಳಿದ ಒಬ್ಬನ ವಿಷಯ. ಅವನು ನನ್ನ ತಂಗಿಯ ಮಗ. ಕೆಲಸ ಬಿಟ್ಟು, ತಾಯಿಯ ಎರಡು ಬಳೆಗಳನ್ನು ಅಡವಿಟ್ಟ ಹಣದಲ್ಲಿ ಇಪ್ಪತ್ತು ನಿಮಿಷಗಳ ಕಿರುಚಿತ್ರವೊಂದನ್ನು ಮಾಡಿದ್ದಾನೆ. ಬಂಧುಗಳ ನಡುವೆ ಅದು ಬಹುದಿನಗಳ ವಿನೋದದ ವಸ್ತು. ಕಪಾಟಿನ ಬಾಗಿಲಿನ ದೃಶ್ಯ ಬಂದಾಗ ನಾನು ಅವನ ಕಡೆಗೆ ತಿರುಗಿ, 'ಏನಪ್ಪಾ, ಇದು ನಿನ್ನದೇ ಕಥೆಯಲ್ಲವೇ?' ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವನು ಎದ್ದು ಹಿತ್ತಿಲ ಕಡೆಗೆ ಹೋದ. ಅವನ ತಾಯಿ ಬರಿಗೈಯಲ್ಲಿ ಎಲೆ ಎತ್ತುತ್ತಿದ್ದಳು; ಅವಳು ತಲೆಯೆತ್ತಲಿಲ್ಲ. ಎಡವಿದವನು ಅದೇ ಕೋಣೆಯಲ್ಲಿದ್ದರೂ ನಾವು ನಗುತ್ತಿದ್ದೆವೇ ಎಂಬ ಪ್ರಶ್ನೆಗೆ ಮೇಲೆ ಇಲ್ಲವೆಂದು ಉತ್ತರಿಸಿದ್ದೆನಲ್ಲವೇ? ಅದನ್ನು ಈಗ ತಿದ್ದಿಕೊಳ್ಳಬೇಕಾಗಿದೆ. ಅವನು ಕೋಣೆಯಲ್ಲಿಯೇ ಇದ್ದ. ನಾವು ನಕ್ಕೆವು.

ಅಂಕಲ್ ಬಿಲ್ ಹಣ ಬಿಟ್ಟುಹೋದ ಸಂಗತಿಯನ್ನು ಪರದೆಯ ಮೇಲೆ ಓದುವಾಗ ನನಗೆ ನೆನಪಾದದ್ದು, ನಾನೂ ಒಬ್ಬ ಮಾವನೆಂಬುದು. ಆ ಹುಡುಗನ ಕೆಲಸಕ್ಕೆ ಒಂದು ರೂಪಾಯಿಯನ್ನಾಗಲಿ, ಇಪ್ಪತ್ತು ನಿಮಿಷಗಳನ್ನಾಗಲಿ ಕೊಟ್ಟವನಲ್ಲವೆಂಬುದು. ಮರುದಿನ ಬೆಳಿಗ್ಗೆ ಅವನೊಡನೆ ಕುಳಿತು ಆ ಕಿರುಚಿತ್ರವನ್ನು ನೋಡಿದೆ. ಮಹತ್ಕೃತಿಯೇನೂ ಅಲ್ಲ. ಮಾತುಗಳು ಸರಿಯಾಗಿ ಕೇಳಿಸುವುದಿಲ್ಲ, ನಡುವೆ ಎಳೆಯುತ್ತದೆ, ಆದರೆ ಕೊನೆಯ ಭಾಗದಲ್ಲಿ ಒಬ್ಬ ಮುದುಕಿ ಬಾಗಿಲ ಚಿಲಕ ಹಾಕುವ ರೀತಿ ಮನಸ್ಸಿನಲ್ಲಿ ಉಳಿಯುತ್ತದೆ. ಇವೆಲ್ಲವನ್ನೂ ಅವನಿಗೆ ಹೇಳಿದೆ. ಬಳೆಗಳನ್ನು ಬಿಡಿಸುವ ಹಣದಲ್ಲಿ ಅರ್ಧ ನನ್ನದೆಂದೂ, ಉಳಿದರ್ಧಕ್ಕೆ ನೀನು ದುಡಿಯಬೇಕೆಂದೂ ಹೇಳಿದೆ. ಅವನು ಅಷ್ಟೇನೂ ಸಂತೋಷಪಡಲಿಲ್ಲ. 'ಮಾವ, ಮಾತು ಕೇಳಿಸುವುದಿಲ್ಲ ಎಂದಿರಲ್ಲ, ಯಾವ ಜಾಗದಲ್ಲಿ?' ಎಂದು ಮಾತ್ರ ಕೇಳಿದ. ಕ್ಷಮೆ ಕೇಳಿದ್ದಕ್ಕಿಂತ ಆ ಪ್ರಶ್ನೆಗೆ ಉತ್ತರಿಸಿದ್ದೇ ನನ್ನ ಪ್ರಾಯಶ್ಚಿತ್ತವಾಯಿತೇನೋ.

ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ನಮ್ಮ ಪ್ರತಿಯೊಂದು ಊರಿನಲ್ಲಿ, ಪ್ರತಿಯೊಂದು ಬಂಧುವರ್ಗದಲ್ಲಿ ಒಬ್ಬ ಮಾರ್ಕ್ ಇದ್ದಾನೆ. ಅವನು ಚಿತ್ರ ಮಾಡುವವನೇ ಆಗಬೇಕಿಲ್ಲ. ಯಾರೂ ಕೊಳ್ಳದ ಪುಸ್ತಕ ಬರೆದವನಿರಬಹುದು, ನಾಟಕದ ತಂಡ ಕಟ್ಟಿ ಕೈಸುಟ್ಟುಕೊಂಡವನಿರಬಹುದು. ಅವನನ್ನು ಹೊಗಳಬೇಕಿಲ್ಲ. ಅವನ ತಪ್ಪುಗಳನ್ನು ಮುಚ್ಚಬೇಕಿಲ್ಲ. ಅವನಿಂದ ಹಾನಿಗೊಳಗಾದವರ ಪರವಾಗಿ ಗಟ್ಟಿಯಾಗಿ ಮಾತನಾಡಲೂಬಹುದು. ಆದರೆ ಬಾಯಿ ತೆರೆಯುವ ಮೊದಲು ಅವನ ಕೃತಿಯನ್ನು ಒಮ್ಮೆ ಪೂರ್ಣವಾಗಿ ನೋಡಿ, ನಿಮ್ಮ ಜೇಬಿನಿಂದಲೋ ನಿಮ್ಮ ವೇಳೆಯಿಂದಲೋ ಏನಾದರೂ ಕೊಡಿ. ಅಂಕಲ್ ಬಿಲ್ ಗೊಣಗುತ್ತಲೇ ಕೊಟ್ಟರು. ನಾವೂ ಗೊಣಗೋಣ; ಆದರೆ ಕೊಟ್ಟು ಗೊಣಗೋಣ.